150 ಡ್ಯಾಮೇಜ್ ಮಾಡಿದವನು ಟೀಮಿಗೆ ದಂಡಾನಾ?

ಪ್ರಶ್ನೆ: ನಮಸ್ಕಾರ ಸಾರ್. ನಾನು ಡಿಗ್ರಿ ಎರಡನೇ ವರ್ಷ. ನಾವು ನಾಲ್ಕು ಜನ ಸೇರಿ ಮೊಬೈಲಿನಲ್ಲಿ ಬಿಜಿಎಂಐ ಅನ್ನೋ ಗುಂಡು ಹಾರಿಸುವ ಆಟ ಆಡುತ್ತೇವೆ. ಮ್ಯಾಚ್ ಮುಗಿದ ಮೇಲೆ ಬರುವ ಪಟ್ಟಿಯಲ್ಲಿ ನನ್ನ ಡ್ಯಾಮೇಜ್ (ಎದುರಿನವರಿಗೆ ಕೊಟ್ಟ ಏಟಿನ ಲೆಕ್ಕ) ಯಾವಾಗಲೂ 150, 200. ಉಳಿದವರದ್ದು 500, 600. "ನೀನು ಎಂತಕ್ಕೆ ಮಾರಾಯ, ಸುಮ್ನೆ" ಅಂತಾರೆ. ಮರೆಗೆ ಸ್ಮೋಕ್ (ಹೊಗೆ ಬಾಂಬ್) ಹಾಕೋದು, ಬಿದ್ದವರನ್ನು ಎಬ್ಬಿಸೋದು, ಗಾಡಿ ಓಡಿಸೋದು ಎಲ್ಲ ನಾನೇ. ಕಾಲೇಜು ಟೂರ್ನಿಗೆ ನನ್ನನ್ನು ಬಿಟ್ಟು ಬೇರೆಯವನನ್ನು ಸೇರಿಸ್ತಾರಂತೆ. ನಾನು ನಿಜವಾಗ್ಲೂ ದಂಡಾನಾ?
— ಒಬ್ಬ ಓದುಗ, ಕೋಣಂದೂರು

ಉತ್ತರ: ತಮ್ಮಾ, ಮೊದಲು ಆ 600ರ ಲೆಕ್ಕ ನೋಡೋಣ. ಎದುರಿನವನ ಹೆಲ್ತ್, ಅಂದರೆ ಜೀವದ ಅಂಕ, ಇರೋದೇ 100. ನಾಲ್ವರ ಸ್ಕ್ವಾಡನ್ನು ಪೂರ್ತಿ ಮಲಗಿಸಿದರೂ 400. ಹಾಗಿದ್ರೆ 600 ಡ್ಯಾಮೇಜ್ ಮಾಡಿ ಒಂದೇ ಫಿನಿಶ್ (ಒಬ್ಬನನ್ನು ಆಟದಿಂದ ಹೊರಹಾಕೋದು) ತಂದವನ ಗುಂಡೆಲ್ಲ ಎಲ್ಲಿ ಹೋಯ್ತು? ಹೊಡೆಸಿಕೊಂಡವನು ಮರದ ಹಿಂದೆ ಕೂತು ಫಸ್ಟ್ ಏಡ್ ಹಾಕಿಕೊಂಡ. ಹೆಲ್ತ್ 75ಕ್ಕೆ ಬಂತು. ಎದ್ದ, ಮತ್ತೆ ತಿಂದ, ಮತ್ತೆ ಕೂತ. ಒಬ್ಬನಿಗೇ ಮೂರು ಸಲ 60 ಹೊಡೆದರೆ 180 ಆಯ್ತು. ಪಟ್ಟಿಯಲ್ಲಿ ಚೆಂದ ಕಾಣುತ್ತೆ. ಆದರೆ ಆ ಪುಣ್ಯಾತ್ಮ ಇನ್ನೂ ಓಡಾಡ್ತಿದ್ದಾನೆ! ಹಾಗಂತ ಅದೆಲ್ಲ ವ್ಯರ್ಥ ಅಲ್ಲ. ಅವನು ಬ್ಯಾಂಡೇಜ್ ಸುತ್ತುವ ಹೊತ್ತಿಗೆ ಉಳಿದವರು ನುಗ್ಗಿದ್ದರೆ ಆ 60ಕ್ಕೆ ಬೆಲೆ ಬಂತು. ನುಗ್ಗಿದರಾ ಇಲ್ವಾ ಅನ್ನೋದನ್ನು ಪಟ್ಟಿ ಹೇಳಲ್ಲ.

ನನ್ನದೊಂದು ಹಳೇ ಕಥೆ ಇದೆ. ಸುಮಾರು 2005ರಲ್ಲಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಆರು ಕಂಪ್ಯೂಟರ್ ಇಟ್ಟುಕೊಂಡು ಸೈಬರ್ ಕೆಫೆ ನಡೆಸುತ್ತಿದ್ದೆ. ಗಂಟೆಗೆ 20 ರೂಪಾಯಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯುಪಿಎಸ್ ಕುಂಯ್ ಅನ್ನುವಷ್ಟರಲ್ಲಿ ರೌಂಡ್ ಮುಗಿಸಬೇಕಿತ್ತು. ಹುಡುಗರು ಆಡುತ್ತಿದ್ದದ್ದು ಕೌಂಟರ್ ಸ್ಟ್ರೈಕ್ 1.6. ಅದರಲ್ಲಿ ಟ್ಯಾಬ್ ಒತ್ತಿದರೆ ಎಷ್ಟು ಜನರನ್ನು ಹೊಡೆದ, ಎಷ್ಟು ಸಲ ಸತ್ತ, ಅಷ್ಟೇ ಕಾಣುತ್ತಿತ್ತು. ಡ್ಯಾಮೇಜಿನ ಕಾಲಮ್ಮೇ ಇರಲಿಲ್ಲ. ಒಬ್ಬ ಹುಡುಗ ಸದಾ ಪಟ್ಟಿಯ ತಳದಲ್ಲಿ. ಆದರೆ ಟೀಮ್ ಹಂಚುವಾಗ ಅವನು ನಮಗೆ ಬೇಕು ಅಂತ ಜಗಳ! ಯಾಕಪ್ಪಾ ಅಂತ ಒಂದು ಸಂಜೆ ಅವನ ಕುರ್ಚಿ ಹಿಂದೆ ನಿಂತೆ. ರೌಂಡ್ ಶುರುವಾದ ಕೂಡಲೇ ಆಟದಲ್ಲಿ ಸಿಗುವ ತನ್ನ ದುಡ್ಡಲ್ಲಿ 4750 ಡಾಲರಿನ ದೊಡ್ಡ ಸ್ನೈಪರ್ ಕೊಂಡ. ಜಿ ಒತ್ತಿ ಕೆಳಗೆ ಹಾಕಿದ. ಗುರಿ ಚೆನ್ನಾಗಿದ್ದ ಗೆಳೆಯ ಅದನ್ನು ಎತ್ತಿಕೊಂಡ. ಇವನು ಪಿಸ್ತೂಲು ಹಿಡಿದು ಮುಂದೆ ಓಡಿದ. ಎದುರಿನವರು ಎಲ್ಲಿದ್ದಾರೆ ಅಂತ ತೋರಿಸೋಕೆ ಮೊದಲ ಗುಂಡು ತಾನೇ ತಿಂದ. ಆ ಕಂಪ್ಯೂಟರಿನ ಕೀಬೋರ್ಡಲ್ಲಿ ಜಿ ಅಕ್ಷರ ಸವೆದೇ ಹೋಗಿತ್ತು.

ಟೂರ್ನಿ ಅಂದೆಯಲ್ಲ, ಅಲ್ಲಿನ ಪಾಯಿಂಟ್ ಹೇಗೆ ಅಂತ ನಿನ್ನ ಗೆಳೆಯರನ್ನು ಕೇಳು. ದೊಡ್ಡ ಟೂರ್ನಿಗಳಲ್ಲಿ ನಡೆದು ಬಂದಿರೋದು ಹೀಗೆ: ಮೊದಲ ಸ್ಥಾನಕ್ಕೆ 10, ಆಮೇಲೆ 6, 5, 4, 3, 2, 1, 1. ಒಂದು ಫಿನಿಶ್‌ಗೆ 1. ಡ್ಯಾಮೇಜಿಗೆ ಸೊನ್ನೆ. ಐದು ಫಿನಿಶ್ ಮಾಡಿ ಐದನೇ ಸ್ಥಾನಕ್ಕೆ ಬಿದ್ದ ಟೀಮಿಗೆ 8. ಎರಡೇ ಫಿನಿಶ್ ಮಾಡಿ ಕೊನೆವರೆಗೆ ಉಳಿದ ಟೀಮಿಗೆ 12. ಆ ಉಳಿಯೋ ಕೆಲಸದಲ್ಲಿ ಸ್ಮೋಕ್ ಹಾಕುವವನ ಪಾಲು ಎಷ್ಟು ಅಂತ ಅವರೇ ಯೋಚಿಸಲಿ.

ಇನ್ನು ನಿನಗೂ ಒಂದು ಮಾತು, ಬೇಜಾರು ಮಾಡ್ಕೋಬೇಡ. "ನಾನು ಸಪೋರ್ಟ್ ಪ್ಲೇಯರ್" ಅಂತ ಹೇಳಿಕೊಂಡು ಜಗಳದಿಂದ ದೂರ ನಿಲ್ಲುವವರನ್ನೂ ನಾನು ಬೇಕಾದಷ್ಟು ಕಂಡಿದ್ದೇನೆ. ಒಂದು ನೋಟ್‌ಬುಕ್ ತಗೋ. 20 ಮ್ಯಾಚ್ ಬರಿ. ಗೆಳೆಯ ನಾಕ್ ಆಗಿ ಬಿದ್ದಾಗ ನೀನೆಲ್ಲಿದ್ದೆ, ಅವನನ್ನು ಹೊಡೆದವನ ಮೇಲೆ ಒಂದಾದರೂ ಗುಂಡು ಹಾರಿಸಿದೆಯಾ? 20ರಲ್ಲಿ 15 ಸಲ "ಕಲ್ಲಿನ ಹಿಂದೆ" ಅಂತ ಬಂದರೆ ಗೆಳೆಯರ ಮಾತಲ್ಲೂ ಸತ್ಯ ಇದೆ. ಪಕ್ಕದಲ್ಲೇ ಪಿಂಗ್ (ನೆಟ್‌ವರ್ಕ್ ಮಾಡುವ ತಡ) ಎಷ್ಟಿತ್ತು ಅಂತಲೂ ಬರಿ. ನಿಮ್ಮ ಕಡೆ ಜುಲೈ ಮಳೆಯಲ್ಲಿ ನೆಟ್‌ವರ್ಕ್ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ವಾ! ತಡ ಜಾಸ್ತಿಯಾಗಿ ಪಿಂಗ್ ಕೆಂಪಗಾದಾಗ ಹೊಡೆದ ಗುಂಡಿನಿಂದ ಡ್ಯಾಮೇಜ್ ಬರಲಿಲ್ಲ ಅಂದರೆ ಅದು ಕೈಯ ತಪ್ಪಲ್ಲ.

ಪ್ರಶ್ನೆ: ವ್ಯಾಲೊರೆಂಟ್ ಅನ್ನೋ ಗುಂಡಿನ ಆಟದಲ್ಲಿ ಎಡಿಆರ್ 140 ಇದ್ದರೆ ಒಳ್ಳೆಯದಾ?
— ಭದ್ರಾವತಿಯ ಓದುಗಿ

ಉತ್ತರ: ಒಟ್ಟು ಡ್ಯಾಮೇಜನ್ನು ಆಡಿದ ರೌಂಡುಗಳಿಂದ ಭಾಗಿಸಿದರೆ ಎಡಿಆರ್. ಎದುರಿನವನ ಹೆಲ್ತ್ 100, ದೊಡ್ಡ ಶೀಲ್ಡ್ ಇದ್ದರೆ ಮೇಲೆ 50. ಅಂದರೆ ನೀವು ರೌಂಡಿಗೆ ಹತ್ತಿರಹತ್ತಿರ ಒಬ್ಬನಷ್ಟು ಕೆಲಸ ಮಾಡುತ್ತಿದ್ದೀರಿ. ಒಳ್ಳೆಯದೇ.

ಪ್ರಶ್ನೆ: ನನ್ನ ಮಗ ಹತ್ತನೇ ಕ್ಲಾಸು. ಬಿಜಿಎಂಐನಲ್ಲಿ ತನ್ನ ಕೆ.ಡಿ. 6 ಅಂತ ಬೀಗುತ್ತಾನೆ. ಇದು ದೊಡ್ಡ ಸಾಧನೆಯಾ?
— ಒಬ್ಬ ತಾಯಿ, ಸಾಗರ

ಉತ್ತರ: ಒಂದು ಮ್ಯಾಚಿಗೆ ಸರಾಸರಿ ಆರು ಜನರನ್ನು ಹೊಡೆದಿದ್ದಾನೆ ಅಂತ ಅರ್ಥ ಅಮ್ಮಾ. ಕೆಳಗಿನ ರ‍್ಯಾಂಕಿನಲ್ಲಿ ಎದುರಿಗೆ ಬರುವವರಲ್ಲಿ ಎಷ್ಟೋ ಮಂದಿ ಮನುಷ್ಯರೇ ಅಲ್ಲ, ಗೇಮೇ ಬಿಟ್ಟ ಬಾಟ್‌ಗಳು. ಅವು ಸುಲಭವಾಗಿ ಹೊಡೆಸಿಕೊಳ್ಳುತ್ತವೆ. ಊಟಕ್ಕೆ ಬಡಿಸುವಾಗ "ಆ ಆರರಲ್ಲಿ ಬಾಟ್ ಎಷ್ಟಪ್ಪಾ?" ಅಂತ ಮೆಲ್ಲಗೆ ಕೇಳಿ. ಅನ್ನ ಕಲಸುವ ಕೈ ನಿಂತರೆ ಉತ್ತರ ಸಿಕ್ಕ ಹಾಗೆ.