ಕಣ್ಣಿನ ಪಕ್ಕದ ಗಡ್ಡೆಗೆ ಸೂಜಿ ಚುಚ್ಚಿಸಿದರೆ ಹರಡುತ್ತದೆಯೇ? ಮೊದಲು ಮಾತ್ರೆ ಕೊಟ್ಟು ನೋಡಬಹುದೇ?

ಅತ್ತೆಯವರಿಗೆ ಸೂಜಿ ಪರೀಕ್ಷೆ ಬರೆದುಕೊಟ್ಟಿದ್ದಾರೆ, ಮನೆಯವರು ಹೆದರುತ್ತಿದ್ದಾರೆ, ಅಷ್ಟರಲ್ಲಿ ಊತ ಇಳಿಯುವ ಮಾತ್ರೆ ಕೊಡೋಣವಾ ಅಂತ ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು.

ಅಪ್ಪನ ಎಡಗಣ್ಣಿನ ಮೇಲ್ರೆಪ್ಪೆ ಹೊರಮೂಲೆಯ ಕಡೆ ಊದಿಕೊಂಡಿತ್ತು. ನೋವಿಲ್ಲ, ಕೆಂಪಿಲ್ಲ. ಬೆರಳಿಟ್ಟರೆ ರಬ್ಬರಿನ ಹಾಗೆ ಗಟ್ಟಿಯಾಗಿ ಸಿಗುತ್ತಿತ್ತು. ಕಣ್ಣುಗುಡ್ಡೆ ಸ್ವಲ್ಪ ಮುಂದೆ ಬಂದು ಕೆಳಕ್ಕೆ ಸರಿದಿತ್ತು. ಸ್ಕ್ಯಾನ್ ನೋಡಿದ ಕಣ್ಣಿನ ಡಾಕ್ಟರು ಎಫ್‌ಎನ್‌ಎಸಿ, ಅಂದರೆ ಸಣ್ಣ ಸೂಜಿಯಿಂದ ಗಡ್ಡೆಯ ಕಣಗಳನ್ನು ತೆಗೆದು ನೋಡುವ ಪರೀಕ್ಷೆ, ಮಾಡಿಸಿ ಅಂದರು. ದೊಡ್ಡಪ್ಪ "ಗಡ್ಡೆಗೆ ಸೂಜಿ ತಾಗಿಸಿದರೆ ಮೈಯೆಲ್ಲಾ ಹಬ್ಬುತ್ತೆ, ಬೇಡವೇ ಬೇಡ" ಅಂದರು. ಎಲ್ಲರೂ ಸುಮ್ಮನಾದೆವು. ಊರಿನ ಕ್ಲಿನಿಕ್ಕಿನಲ್ಲಿ ಪ್ರೆಡ್ನಿಸೋಲೋನ್ ಮಾತ್ರೆ ಕೊಟ್ಟರು. ಕೆಲವೇ ದಿನಕ್ಕೆ ಊತ ಇಳಿಯಿತು. ಅಮ್ಮ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದರು.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನಾವು ಮೋಸಹೋಗಿದ್ದು ಇಲ್ಲೇ. ಪ್ರೆಡ್ನಿಸೋಲೋನ್ ಸ್ಟೀರಾಯ್ಡ್. ಬರೀ ಉರಿಯೂತವಾಗಿದ್ದರೆ ಅದಕ್ಕೆ ಇಳಿಯುತ್ತದೆ, ನಿಜ. ಆದರೆ ಲಿಂಫೋಮಾ ಕೂಡ ಇಳಿಯುತ್ತದೆ! ಲಿಂಫೋಮಾ ಅಂದರೆ ಒಂದು ಬಗೆಯ ಬಿಳಿ ರಕ್ತಕಣದ ಕ್ಯಾನ್ಸರ್. ಆ ಕಣಗಳನ್ನು ಸ್ಟೀರಾಯ್ಡ್ ಸಾಯಿಸುತ್ತದೆ, ಅದಕ್ಕೇ ಎಷ್ಟೋ ಲಿಂಫೋಮಾಗಳ ಕೀಮೋ ಜೊತೆ ಅದನ್ನೂ ಕೊಡುತ್ತಾರೆ. ಹಾಗಂತ ಮಾತ್ರೆಯಿಂದಲೇ ಕಾಯಿಲೆ ವಾಸಿಯಾಗುವುದಿಲ್ಲ. ಅಂದಮೇಲೆ ಊತ ಇಳಿದಿದ್ದರಿಂದ ನಮಗೆ ಏನೂ ಗೊತ್ತಾದ ಹಾಗಾಗಲಿಲ್ಲ. ಇನ್ನೂ ಕೆಟ್ಟದ್ದೇನೆಂದರೆ, ಆಮೇಲೆ ಸೂಜಿ ಹಾಕಿದಾಗ ನೋಡೋಕೆ ಸರಿಯಾದ ಕಣಗಳೇ ಸಿಗುವುದು ಕಷ್ಟ. ಮಾತ್ರೆ ಕಮ್ಮಿ ಮಾಡುತ್ತಿದ್ದ ಹಾಗೇ ಅಪ್ಪನ ಗಡ್ಡೆ ಮತ್ತೆ ಎದ್ದಿತು. ಆಗ ಸೂಜಿ ಪರೀಕ್ಷೆ ಮಾಡಿಸಿದೆವು. ಏನೂ ಖಚಿತವಾಗಿ ಹೇಳಲಾಗದು ಅಂತ ರಿಪೋರ್ಟ್ ಬಂತು. ಮಾತ್ರೆಯ ಪ್ರಭಾವ ಹೋಗುವವರೆಗೆ ಕಾದು, ರೆಪ್ಪೆ ಕೊಯ್ದು ತುಂಡು ತೆಗೆಯಬೇಕಾಯಿತು. ಲಿಂಫೋಮಾ. ಅಷ್ಟರಲ್ಲಿ ಬಲಗಣ್ಣಿನ ಪಕ್ಕವೂ ಶುರುವಾಗಿತ್ತು. ರೇಡಿಯೇಷನ್ ಆಯಿತು. ಅಪ್ಪ ಚೆನ್ನಾಗಿದ್ದಾರೆ, ಕಣ್ಣು ಮಾತ್ರ ಒಣಗುತ್ತದೆ, ದಿನವಿಡೀ ಡ್ರಾಪ್ಸ್ ಬೇಕು.

ಸೂಜಿ ಪರೀಕ್ಷೆ ನಾವು ಹೆದರಿದಷ್ಟು ಏನೂ ಇರಲಿಲ್ಲ. ರಕ್ತ ತೆಗೆಯುವ ಸೂಜಿಗಿಂತ ಸಣ್ಣದು, ಸಾಮಾನ್ಯವಾಗಿ 23ರಿಂದ 25 ಗೇಜ್ (ಅಂಕಿ ಹೆಚ್ಚಿದಷ್ಟೂ ಸೂಜಿ ಸಣ್ಣ). ಡಾಕ್ಟರು ಒಂದು ಬೆರಳಿನಿಂದ ಗಡ್ಡೆಯನ್ನು ಎಲುಬಿನ ಅಂಚಿಗೆ ಒತ್ತಿ ಹಿಡಿದು ಚುಚ್ಚಿದರು. ಬಂದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಒಂದು ಸ್ಲೈಡನ್ನು ಸ್ಪಿರಿಟ್ಟಿಗೆ ಹಾಕಿದರು, ಇನ್ನೊಂದನ್ನು ಗಾಳಿಗೆ ಒಣಗಿಸಿದರು. ಚುಚ್ಚಿದ ಜಾಗ ಸ್ವಲ್ಪ ದಿನ ನೀಲಿಗಟ್ಟಿತ್ತು, ಅಷ್ಟೇ. ಗಡ್ಡೆ ಕಣ್ಣಿನ ಹಿಂದೆ ಆಳದಲ್ಲಿದ್ದರೆ ಮಾತ್ರ ಸ್ಕ್ಯಾನ್ ನೋಡಿಕೊಂಡೇ ಚುಚ್ಚಬೇಕು. ಅಲ್ಲಿ ರಕ್ತ ಸೋರಿ ಒತ್ತಡ ಬಂದರೆ ದೃಷ್ಟಿಗೇ ಅಪಾಯ.

ಸೂಜಿಯಿಂದ ಹರಡುತ್ತದೆ ಅನ್ನುವ ಭಯ ಹೆಚ್ಚಿನ ಗಡ್ಡೆಗಳಿಗೆ ಸಲ್ಲದು, ಆದರೆ ಪೂರ್ತಿ ಸುಳ್ಳೂ ಅಲ್ಲ. ಮಕ್ಕಳ ಕಣ್ಣೊಳಗಿನ ಕ್ಯಾನ್ಸರ್ ಆದ ರೆಟಿನೋಬ್ಲಾಸ್ಟೋಮಾಕ್ಕೆ ಕಣ್ಣೊಳಗೆ ಸೂಜಿ ಹಾಕುವುದನ್ನು ಡಾಕ್ಟರುಗಳೇ ತಪ್ಪಿಸುತ್ತಾರೆ. ಕಣ್ಣೀರಿನ ಗ್ರಂಥಿಯ ಪ್ಲಿಯೊಮಾರ್ಫಿಕ್ ಅಡಿನೋಮಾ (ಕ್ಯಾನ್ಸರ್ ಅಲ್ಲದ ಒಂದು ಗಡ್ಡೆ) ಅಂತ ಸ್ಕ್ಯಾನ್‌ನಲ್ಲಿ ಅನುಮಾನ ಬಂದರೆ, ಅದರ ಹೊದಿಕೆ ಒಡೆಯದ ಹಾಗೆ ಇಡಿಯಾಗಿ ತೆಗೆಯುವುದೇ ವಾಡಿಕೆ. ಅದಕ್ಕೇ ಸ್ಕ್ಯಾನ್ ಮೊದಲು, ಸೂಜಿ ಆಮೇಲೆ. ಇದನ್ನು ತೀರ್ಮಾನಿಸಬೇಕಾದವರು ಕಣ್ಣುಗುಣಿಯ ಗಡ್ಡೆಗಳನ್ನೇ ನೋಡುವ ಡಾಕ್ಟರು, ದೊಡ್ಡಪ್ಪಂದಿರಲ್ಲ.

ನಿಮ್ಮದು "ಸೂಜಿಯೋ ಮಾತ್ರೆಯೋ" ಅನ್ನುವ ಪ್ರಶ್ನೆ. ನನ್ನ ಪ್ರಕಾರ ಆ ಪ್ರಶ್ನೆಯೇ ಸರಿಯಿಲ್ಲ. ಮಾತ್ರೆ ಚಿಕಿತ್ಸೆ, ಸೂಜಿ ಪರೀಕ್ಷೆ. ಏನು ಕಾಯಿಲೆ ಅಂತ ಗೊತ್ತಾಗದೆ ಚಿಕಿತ್ಸೆ ಯಾವುದಕ್ಕೆ? ಹಾಗೇ, ಸೂಜಿಯಲ್ಲಿ ಏನೂ ಸಿಗಲಿಲ್ಲ ಅಂದ ತಕ್ಷಣ ನಿರಾಳವಾಗಬೇಡಿ. ಗಡ್ಡೆ ಬೆಳೆಯುತ್ತಿದ್ದರೆ ಬಯಾಪ್ಸಿಗೆ ತುಂಡೇ ಬೇಕಾಗಬಹುದು.

ಅತ್ತೆಯವರು ಈಗಾಗಲೇ ಸ್ಟೀರಾಯ್ಡ್ ಶುರು ಮಾಡಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೂ ತೊಂದರೆ. ತೆಗೆದುಕೊಂಡ ಮಾತ್ರೆ, ಇಂಜೆಕ್ಷನ್, ನಾಟಿ ಪುಡಿ ಎಲ್ಲವನ್ನೂ ಡಾಕ್ಟರಿಗೆ ಹೇಳಿ. ಯಾವಾಗ ಸೂಜಿ ಹಾಕಬೇಕು ಅಂತ ಅವರೇ ನಿರ್ಧರಿಸಲಿ.