ಹಣ್ಣಿನ ಬುಟ್ಟಿ ಬೇಡ, ನಿಮ್ಮ ಗುರುವಾರ ಕೊಡಿ

ಪತ್ರ: ಗುರುವಾರ ನಮ್ಮ ಅಂಗಡಿಗೆ ರಜೆ. ಮಗಳ ಹುಟ್ಟುಹಬ್ಬವೂ ಅವತ್ತೇ ಬಂತು. ಹಣ್ಣು, ಆಟಿಕೆ ತಗೊಂಡು ಹನ್ನೆರಡು ಮಂದಿ ಹುಬ್ಬಳ್ಳಿಯ ಆಸ್ಪತ್ರೆಯೊಂದಕ್ಕೆ ಹೋದೆವು. ಕ್ಯಾನ್ಸರ್ ಮಕ್ಕಳ ವಾರ್ಡಿನ ಬಾಗಿಲಲ್ಲೇ ನರ್ಸ್ ತಡೆದರು. ಹೀಗಾದರೆ ಸೇವೆಗೆ ಯಾರು ಬರುತ್ತಾರೆ?
– ಓದುಗರೊಬ್ಬರು, ಗದಗ

ಉತ್ತರ: ಮಗಳ ಹುಟ್ಟುಹಬ್ಬಕ್ಕೆ ಬೇರೆ ಮಕ್ಕಳ ನೆನಪಾಯಿತಲ್ಲ, ಅದು ಒಳ್ಳೆಯ ಮನಸ್ಸು. ಆ ನರ್ಸ್ ಸ್ವಲ್ಪ ಮೆತ್ತಗೆ ಹೇಳಬಹುದಿತ್ತು. ಆದರೂ ನಾನು ಅವರ ಕಡೆಗೇ ನಿಲ್ಲುತ್ತೇನೆ.

ಕ್ಯಾನ್ಸರಿಗೆ ಕೊಡುವ ಕಿಮೊಥೆರಪಿ ಔಷಧದಿಂದ, ಸೋಂಕಿನ ಜೊತೆ ಹೋರಾಡುವ ರಕ್ತದ ಬಿಳಿ ಕಣಗಳು ಇಳಿದುಹೋಗುತ್ತವೆ. ನಮಗೆ ಬರೀ ನೆಗಡಿ, ಆ ಮಗುವಿಗೆ ಜೀವಕ್ಕೇ ಕುತ್ತು. ಹೆಚ್ಚಿಟ್ಟ ಹಣ್ಣೂ ಆಗುವುದಿಲ್ಲ. ಹನ್ನೆರಡು ಮಂದಿ ಒಟ್ಟಿಗೆ ನಿಂತರೆ ಅವರು ಇನ್ನೇನು ಮಾಡಬೇಕಿತ್ತು?

ಎಷ್ಟೋ ವರ್ಷದ ಹಿಂದೆ ನನ್ನ ತಂಗಿಯ ಮಗನಿಗೆ ಲುಕೇಮಿಯಾ ಆಗಿತ್ತು. ಮಕ್ಕಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಕ್ಯಾನ್ಸರ್ ಅದು. ಚಿಕಿತ್ಸೆ 2-3 ವರ್ಷ ನಡೆಯುತ್ತದೆ. ಮೊದಲ ತಿಂಗಳು ನೋಡಲು ಬಂದವರಿಗೆ ಲೆಕ್ಕವಿಲ್ಲ. ಆರನೇ ತಿಂಗಳಿಗೆ ಫೋನೂ ನಿಂತಿತು. ಕೊನೆತನಕ ಬಂದವರು ಧಾರವಾಡದ ಒಬ್ಬ ನಿವೃತ್ತ ಮಾಸ್ತರರು. ನಮಗೆ ನೆಂಟರೂ ಅಲ್ಲ. ಪ್ರತಿ ಗುರುವಾರ ಮೂರು ಗಂಟೆಗೆ ಬರುತ್ತಿದ್ದರು. ಮುಖಕ್ಕೆ ಮಾಸ್ಕ್, ಕೈಯಲ್ಲಿ ಹಾವು-ಏಣಿ ಆಟ. ಬಂದವರೇ ತಂಗಿಗೆ, "ಯವ್ವಾ, ನೀ ಹೋಗಿ ಜಳಕಾ ಮಾಡಿ, ಎರಡು ತುತ್ತು ಉಂಡು ಬಾ. ನಾ ಇಲ್ಲೇ ಇರ್ತೇನಿ" ಅನ್ನುತ್ತಿದ್ದರು. ಸಿಗುವ ಒಂದು ತಾಸಿನಲ್ಲಿ ಅವಳು ಊರಲ್ಲಿ ಬಿಟ್ಟುಬಂದ ಮಗಳ ಜೊತೆ ಮಾತಾಡುತ್ತಿದ್ದಳು. ಕೆಲವೊಮ್ಮೆ ಮೆಟ್ಟಿಲ ಮೇಲೆ ಕೂತು ಅತ್ತು ಬರುತ್ತಿದ್ದಳು. ಒಂದು ವಾರ ಮಾಸ್ತರರಿಗೆ ಕೆಮ್ಮು. ಬರಲಿಲ್ಲ, ಚೀಟಿ ಕಳಿಸಿದರು: ನಿನ್ನ ಕಾಯಿ ಎಷ್ಟನೇ ಮನೆಯಲ್ಲಿದೆ, ನನ್ನದು ಎಷ್ಟರಲ್ಲಿದೆ ಅಂತ. ಹುಡುಗ ಅದನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದ.

1982ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಶುರುವಾದ, ಗುಣವಾಗದ ಕಾಯಿಲೆಯ ಮಕ್ಕಳ ಆರೈಕೆ ಮನೆ ಹೆಲೆನ್ ಹೌಸ್ ಹುಟ್ಟಿದ್ದೂ ಹೀಗೇ. ಕ್ರೈಸ್ತ ಸನ್ಯಾಸಿನಿಯೊಬ್ಬರು ಕಾಯಿಲೆಯ ಹುಡುಗಿಯನ್ನು ಆಗಾಗ ನೋಡಿಕೊಂಡು, ತಂದೆ-ತಾಯಿಗೆ ಉಸಿರಾಡಲು ಬಿಡುವು ಕೊಟ್ಟರು. ಅಷ್ಟು ದೂರ ಯಾಕೆ? ನಿಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡಿ. ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವ ತನಕ ಅಂಧ, ಅನಾಥ ಮಕ್ಕಳನ್ನು ಸಾಕಿ ಸಂಗೀತ ಕಲಿಸಿದರು. ದಿನಾ ಊಟ, ದಿನಾ ಪಾಠ.

ನಮ್ಮಲ್ಲಿ ಈಗ ಕೊಡುವುದಕ್ಕಿಂತ ಫೋಟೊ ಜಾಸ್ತಿಯಾಗಿದೆ. ಕೂದಲುದುರಿದ ಮಗುವಿನ ಮುಖವನ್ನು ಸ್ಟೇಟಸ್ಸಿಗೆ ಹಾಕುವ ಮುಂಚೆ ಆ ತಾಯಿಯನ್ನು ಯಾರಾದರೂ ಕೇಳುತ್ತಾರಾ? ರೋಣ, ಹಾನಗಲ್ಲಿನಿಂದ ಮಗುವನ್ನು ಎತ್ತಿಕೊಂಡು ಬರುವವರು ಕೂಲಿ ಬಿಟ್ಟು ಬಂದಿರುತ್ತಾರೆ. ಬಸ್ ಚಾರ್ಜಿಗೆ ಕಾಸಿಲ್ಲದೆ ಅರ್ಧಕ್ಕೇ ಚಿಕಿತ್ಸೆ ಬಿಡುವವರಿದ್ದಾರೆ. ಅದರ ಫೋಟೊ ಯಾರೂ ತೆಗೆಯುವುದಿಲ್ಲ. ಅದಕ್ಕೇ ನನಗೆ ಸಿಟ್ಟು.

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳನ್ನು ಸಾಮಾನ್ಯವಾಗಿ 5 ದಿನಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ. ಈ ಮಕ್ಕಳಿಗೆ ಅದು ಮತ್ತೆ ಮತ್ತೆ ಬೇಕು. ನಿಮ್ಮ ಗೆಳೆಯರ ಹೆಸರು, ರಕ್ತದ ಗುಂಪು, ಫೋನ್ ನಂಬರ್ ಬರೆದು ರಕ್ತನಿಧಿಗೆ ಕೊಟ್ಟುಬನ್ನಿ. ಆಟಿಕೆಗಳಲ್ಲಿ ತೊಳೆಯಲು ಬರುವುದನ್ನು ಮಾತ್ರ ಆರಿಸಿಡಿ. ಆಮೇಲೆ ಅದೇ ನರ್ಸ್ ಹತ್ತಿರ ಒಬ್ಬರೇ ಹೋಗಿ, ಯಾವ ತಾಯಿಗೆ ಒಂದು ತಾಸು ಬಿಡುವು ಬೇಕಾಗಿದೆ ಅಂತ ಕೇಳಿ. ಗುರುವಾರ ಹೇಗೂ ಅಂಗಡಿ ರಜೆ. ಊಟ ಮುಗಿಸಿ ಗದಗಿನಲ್ಲಿ ಬಸ್ ಹತ್ತಿದರೆ ಮೂರಕ್ಕೆ ಹುಬ್ಬಳ್ಳಿಯಲ್ಲಿರುತ್ತೀರಿ.

– ಸಂಪಾದಕ