ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ

ಪ್ರಶ್ನೆ: ಸರ್, ಮೂರು ವರ್ಷದಿಂದ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ಹೊಸ ಕಂಪನಿಯಲ್ಲಿ ಎಲ್ಲವೂ ಅಜೈಲ್ ಅಂತೆ, ಅಂದರೆ ಸಾಫ್ಟ್‌ವೇರನ್ನು ಸ್ವಲ್ಪ ಸ್ವಲ್ಪವಾಗಿ ಮಾಡಿ ಮುಗಿಸುವ ಪದ್ಧತಿ. ದಿನಾ ಬೆಳಗ್ಗೆ ಸ್ಟ್ಯಾಂಡಪ್ ಅನ್ನುವ ಚುಟುಕು ಮೀಟಿಂಗ್, ಎರಡು ವಾರಕ್ಕೊಂದು ಸ್ಪ್ರಿಂಟ್ ಅನ್ನುವ ಕೆಲಸದ ಸುತ್ತು. ಆದರೆ ಕೋಡ್ ನನ್ನ ಕೈಗೆ ಬರುವುದು ಸ್ಪ್ರಿಂಟ್ ಮುಗಿಯುವ ಹಿಂದಿನ ದಿನ ಸಂಜೆ! ಸ್ಕ್ರಮ್ ಅಂತ ಅಜೈಲ್‌ನ ಒಂದು ವಿಧಾನ, ಅದರ ಎರಡು ದಿನದ ಕೋರ್ಸಿಗೆ ಒಂದು ಕಡೆ 25,000 ರೂಪಾಯಿ ಕೇಳುತ್ತಿದ್ದಾರೆ. ಸೇರಲಾ, ಇಲ್ಲ ಮನೆಯಲ್ಲೇ ಓದಿ ಕಲಿಯಲಾ?
– ದಾವಣಗೆರೆಯವಳು, ಈಗ ಬೆಂಗಳೂರು

ಉತ್ತರ: ಸದ್ಯಕ್ಕೆ ದುಡ್ಡು ಬ್ಯಾಂಕಿನಲ್ಲೇ ಇರಲಿ. ಓದಲೇಬೇಕಾದದ್ದು ಬಹಳ ಕಮ್ಮಿ, ಅದೂ ಪುಕ್ಕಟೆ. ಮೊದಲು ಅಜೈಲ್ ಮ್ಯಾನಿಫೆಸ್ಟೊ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ, ಸ್ನೋಬರ್ಡ್ ಅನ್ನುವ ಸ್ಕೀ ರೆಸಾರ್ಟಿನಲ್ಲಿ 17 ಜನ ಕೂತು ಬರೆದದ್ದು. ನಾಲ್ಕು ಮೌಲ್ಯ, 12 ತತ್ವ, ಒಂದು ಕಾಫಿ ಮುಗಿಯುವಷ್ಟರಲ್ಲಿ ಓದಬಹುದು. ಆಮೇಲೆ ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ಬರೆದ ಸ್ಕ್ರಮ್ ಗೈಡ್. 13-14 ಪುಟ ಅಷ್ಟೇ. 2020ರ ಆವೃತ್ತಿಯನ್ನೇ ಓದಿ. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ, ಏನು ಅಡ್ಡಿ ಅಂತ ನಿಮ್ಮ ಸ್ಟ್ಯಾಂಡಪ್‌ನಲ್ಲಿ ಹಾಜರಿ ಕೂಗಿದ ಹಾಗೆ ಕೇಳ್ತಾರೆ ಅಲ್ವಾ, ಆ ಮೂರು ಪ್ರಶ್ನೆಗಳನ್ನು ಈ ಆವೃತ್ತಿಯಲ್ಲಿ ತೆಗೆದೇ ಹಾಕಿದ್ದಾರೆ. ಹಳೇ ಸ್ಲೈಡ್ ಇಟ್ಟುಕೊಂಡು ಪಾಠ ಮಾಡುವವರಿಗೆ ಇದಿನ್ನೂ ಗೊತ್ತಾದ ಹಾಗಿಲ್ಲ.

ಓದಿದ್ದು ತಲೆಗೆ ಹತ್ತಿತಾ ನೋಡಲು ಸ್ಕ್ರಮ್.ಆರ್ಗ್‌ನಲ್ಲಿ ಸ್ಕ್ರಮ್ ಓಪನ್ ಅಂತ ಪರೀಕ್ಷೆ ಇದೆ. 30 ಪ್ರಶ್ನೆ, ಶುಲ್ಕ ಇಲ್ಲ, ಎಷ್ಟು ಸಲ ಬೇಕಾದರೂ ಬರೆಯಬಹುದು. ಮುಂದೆ ಸರ್ಟಿಫಿಕೇಟ್ ಬೇಕೇ ಬೇಕು ಅನ್ನಿಸಿದರೆ ಅಲ್ಲೇ ಪಿಎಸ್‌ಎಂ (ಪ್ರೊಫೆಷನಲ್ ಸ್ಕ್ರಮ್ ಮಾಸ್ಟರ್) ಇದೆ, ಅದಕ್ಕೆ ಕೋರ್ಸ್ ಕಡ್ಡಾಯ ಅಲ್ಲ. ಸ್ಕ್ರಮ್ ಅಲಯನ್ಸ್ ಕೊಡುವ ಸಿಎಸ್‌ಎಂ (ಸರ್ಟಿಫೈಡ್ ಸ್ಕ್ರಮ್ ಮಾಸ್ಟರ್) ಸರ್ಟಿಫಿಕೇಟಿಗೆ ಮಾತ್ರ ಕೋರ್ಸ್ ಮಾಡಲೇಬೇಕು.

ಇನ್ನು ಆ ಸಂಜೆಯ ಕಥೆ. ನಿಮಗೆ ಅದಕ್ಕಿಂತ ಒಳ್ಳೆಯ ಪಾಠ ಯಾವ ಕೋರ್ಸಿನಲ್ಲೂ ಸಿಗಲ್ಲ. ಒಂದು ಸ್ಪ್ರಿಂಟ್ ಪೂರ್ತಿ ಯಾವ ಕೆಲಸ ಎಲ್ಲಿಗೆ ಬಂತು ಅಂತ ತೋರಿಸುವ ನಿಮ್ಮ ಬೋರ್ಡನ್ನು ಸುಮ್ನೆ ನೋಡಿ. ಪ್ರತಿ ಟಿಕೆಟ್, ಅಂದರೆ ಒಂದೊಂದು ಕೆಲಸ, 'ಟೆಸ್ಟಿಂಗ್' ಕಾಲಮ್ಮಿಗೆ ಯಾವ ದಿನ ಬಂತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಎಂಟು ದಿನ ಖಾಲಿ, ಒಂಬತ್ತನೇ ದಿನ ಒಟ್ಟಿಗೇ ಏಳು ಟಿಕೆಟ್ ಬಂದು ಬಿದ್ದಿದ್ದರೆ ಅದು ಹಳೇ ವಾಟರ್‌ಫಾಲೇ (ಒಂದು ಹಂತ ಪೂರ್ತಿ ಮುಗಿದ ಮೇಲೇ ಮುಂದಿನದು ಅನ್ನುವ ಪದ್ಧತಿ), ಎರಡು ವಾರದ ಡಬ್ಬಿಗೆ ತುಂಬಿದ್ದಾರೆ ಅಷ್ಟೇ. ಆ ಚೀಟಿಯನ್ನು ರೆಟ್ರೋ ಮೀಟಿಂಗಿಗೆ, ಅಂದರೆ ಸ್ಪ್ರಿಂಟ್ ಕೊನೆಗೆ ಏನು ಸರಿಹೋಯ್ತು, ಏನಿಲ್ಲ ಅಂತ ಮಾತಾಡುವ ಸಭೆಗೆ, ತೆಗೆದುಕೊಂಡು ಹೋಗಿ. ಯಾರ ಮೇಲೂ ಬೆರಳು ತೋರಿಸಬೇಡಿ, ದಿನಗಳನ್ನು ಮಾತ್ರ ತೋರಿಸಿ. ಆಮೇಲೆ ಎರಡೇ ಎರಡು ಕೇಳಿ. ಒಂದು, ದೊಡ್ಡ ಟಿಕೆಟ್‌ಗಳನ್ನು ಎರಡು ಮೂರು ದಿನದಲ್ಲಿ ಮುಗಿಯುವಷ್ಟು ಚಿಕ್ಕದಾಗಿ ಒಡೆಯೋಣ ಅಂತ. ಇನ್ನೊಂದು, ಕೋಡ್ ಶುರು ಮಾಡುವ ಮುಂಚೆ ಡೆವಲಪರ್ ನಿಮ್ಮ ಜೊತೆ ಹತ್ತು ನಿಮಿಷ ಕೂರಲಿ ಅಂತ. 'ಓಟಿಪಿ ತಪ್ಪಾಗಿ ಮೂರು ಸಲ ಹಾಕಿದರೆ ಏನಾಗಬೇಕು?' ಇಂಥ ಪ್ರಶ್ನೆ ಅಲ್ಲೇ ಬಗೆಹರಿದರೆ ಕೊನೆಯ ರಾತ್ರಿ ಬಗ್ ಆಗಿ ಬರಲ್ಲ.

ಪ್ರಶ್ನೆ: ಒಂದು ಸ್ಟೋರಿ ಪಾಯಿಂಟ್ ಅಂದ್ರೆ ಎಷ್ಟು ಗಂಟೆ?
– ಓದುಗರು, ಶಿವಮೊಗ್ಗ

ಉತ್ತರ: ಗಂಟೆ ಲೆಕ್ಕವೇ ಅಲ್ಲ. ಈ ಕೆಲಸ ಆ ಕೆಲಸಕ್ಕಿಂತ ಎಷ್ಟು ದೊಡ್ಡದು ಅನ್ನುವ ಅಂದಾಜು, ಅಷ್ಟೇ. ಸ್ಕ್ರಮ್ ಗೈಡಿನಲ್ಲಿ ಹುಡುಕಿದರೆ ಆ ಪದವೇ ಸಿಗಲ್ಲ. ನಿಮ್ಮ ಮ್ಯಾನೇಜರ್ ಎಂಟು ಗಂಟೆಗೆ ಒಂದು ಪಾಯಿಂಟ್ ಅಂತ ಎಕ್ಸೆಲ್‌ನಲ್ಲಿ ಲೆಕ್ಕ ಹಾಕುತ್ತಿದ್ದರೆ, ನೇರವಾಗಿ ಗಂಟೆಯಲ್ಲೇ ಬರೆಯೋಣ ಸರ್ ಅಂದುಬಿಡಿ.